ಡಿಸ್ಕನ್ನು ಹಿಡಿದುಕೊಂಡವರು

ಅಂಗೈಯಗಲದ ಒಂದು ಕಪ್ಪು ಡಬ್ಬಿ. ಅದನ್ನು ಕಂಪ್ಯೂಟರಿಗೆ ಸಿಕ್ಕಿಸುವಾಗ ಯಾರ ಅಪ್ಪಣೆಯೂ ಬೇಡ. ತೆಗೆಯುವಾಗ ಮಾತ್ರ ಕೇಳಿ ತೆಗೆಯಬೇಕು. ಈ ಕಾನೂನು ಮಾಡಿದ ಪುಣ್ಯಾತ್ಮ ಯಾರೋ ನನಗೆ ಗೊತ್ತಿಲ್ಲ. ಒಮ್ಮೆ ಕೈಗೆ ಸಿಕ್ಕಿದ್ದರೆ ನಮ್ಮ ಮನೆಯ ಚಾವಡಿಯಲ್ಲಿ ಕೂರಿಸಿ, ನನ್ನ ಲ್ಯಾಪ್‌ಟಾಪನ್ನು ಅವನ ಮುಂದಿಟ್ಟು, ‘ತೆಗೀರಿ ನೋಡುವ’ ಎನ್ನುತ್ತಿದ್ದೆ. ಗೇಟಿನ ಹೊರಗೆ ಕಾರು ಹಾರ್ನ್ ಹಾಕುತ್ತಿರಬೇಕು, ಬೆನ್ನ ಹಿಂದೆ ನನ್ನ ಗಂಡ ‘ಎಳೆ, ಎಳೆ’ ಎಂದು ಬೊಬ್ಬೆ ಹೊಡೆಯುತ್ತಿರಬೇಕು, ಮೂಲೆಯ ಕುರ್ಚಿಯಲ್ಲಿ ನನ್ನ ಉಮ್ಮ ತುಟಿ ಬಿಗಿದು ಕೂತಿರಬೇಕು. ಆಗ ಗೊತ್ತಾಗುತ್ತಿತ್ತು ಅವನಿಗೆ.

ನಾನು ಬಂಟ್ವಾಳದ ಒಂದು ಪ್ರೌಢಶಾಲೆಯಲ್ಲಿ ಕನ್ನಡ ಪಾಠ ಮಾಡುವವಳು. ಮನೆಯಲ್ಲಿ ನಮ್ಮದು ಬ್ಯಾರಿ ಮಾತು, ಬೀದಿಯಲ್ಲಿ ತುಳು, ಶಾಲೆಯಲ್ಲಿ ಕನ್ನಡ. ಮನೆಯ ಮಾತನ್ನೂ ಇಲ್ಲಿ ಕನ್ನಡದಲ್ಲೇ ಬರೆಯುತ್ತಿದ್ದೇನೆ, ಅಮ್ಮನನ್ನು ಉಮ್ಮ, ಅಪ್ಪನನ್ನು ಉಪ್ಪ, ಅತ್ತೆಯನ್ನು ಮಾಮಿ ಎನ್ನುವುದನ್ನು ಬಿಟ್ಟು. ಮಕ್ಕಳ ಅಂಕಗಳನ್ನು ಆನ್‌ಲೈನಿನಲ್ಲಿ ತುಂಬಿಸಬೇಕೆಂಬ ಹುಕುಂ ಬಂದ ವರ್ಷ ಲ್ಯಾಪ್‌ಟಾಪ್ ತೆಗೆದುಕೊಂಡೆ. ಅಷ್ಟಕ್ಕೇ ನಮ್ಮ ಕುಟುಂಬದಲ್ಲಿ ನಾನು ಕಂಪ್ಯೂಟರ್ ಪಂಡಿತೆಯಾಗಿಬಿಟ್ಟೆ. ಪ್ಲಗ್ ಇರುವ ಯಾವ ವಸ್ತು ಕೆಟ್ಟರೂ ‘ಟೀಚರಲ್ಲಿ ಕೇಳುವ’. ಸಂಧಿ, ಸಮಾಸ ಕೇಳುವವರು ಮಾತ್ರ ಯಾರೂ ಇಲ್ಲ.

ಆ ಡಬ್ಬಿಯೊಳಗೆ ಇದ್ದದ್ದು ನನ್ನ ತಮ್ಮನ ಮಗಳ ಮದುವೆ. ತಮ್ಮ ಸೌದಿಯಲ್ಲಿ ಒಂದು ಗೋದಾಮು ನೋಡಿಕೊಳ್ಳುತ್ತಾನೆ. ಮಗಳ ಮದುವೆಗೆ ರಜೆ ಕೇಳಿದ್ದ, ಸಿಕ್ಕಿತ್ತು, ಟಿಕೆಟೂ ಆಗಿತ್ತು. ಹೊರಡುವ ವಾರ ಬಂದಾಗ, ಬದಲಿಗೆ ಬರಬೇಕಾದ ಮನುಷ್ಯ ಬರಲಿಲ್ಲವೆಂದು ಕೊಟ್ಟ ರಜೆಯನ್ನು ವಾಪಸು ತೆಗೆದುಕೊಂಡರು. ಬೆಳ್ತಂಗಡಿಯ ಅವನ ಮನೆಯಲ್ಲಿ ಕಾಗದ ಹಂಚಿ ಆಗಿತ್ತು, ಶಾಮಿಯಾನದವರಿಗೆ ಹೇಳಿ ಆಗಿತ್ತು. ಮುಂದೂಡುವ ಪ್ರಶ್ನೆಯೇ ಇರಲಿಲ್ಲ. ನಿಕಾಹ್ ಮಾಡಿಕೊಡುವ ಅಧಿಕಾರವನ್ನು ಫೋನಿನಲ್ಲೇ ನಮ್ಮ ಚಿಕ್ಕಪ್ಪನಿಗೆ ಒಪ್ಪಿಸಿ, ಅವನು ಅಲ್ಲಿ ತನ್ನ ರೂಮಿನ ಮಂಚದ ಮೇಲೆ ಕೂತುಕೊಂಡ.

ಹುಡುಗಿಯನ್ನು ಮೂಡುಬಿದಿರೆಯ ಗಂಡನ ಮನೆಗೆ ಕಳಿಸುವ ಹೊತ್ತಿಗೆ ಅವನಿಗೆ ವಿಡಿಯೋ ಕಾಲ್ ಮಾಡಿ, ಫೋನನ್ನು ಅವಳ ಮುಖದ ಎದುರು ಹಿಡಿದವಳು ನಾನೇ. ಕೋಣೆಯ ತುಂಬ ಹೆಂಗಸರು, ಗೌಜಿ, ಸೆಖೆ. ನೆಟ್‌ವರ್ಕ್ ಇದ್ದೂ ಇಲ್ಲದ ಹಾಗೆ. ಅವನ ಮುಖ ಬಂತು, ‘ಮಗಳೇ’ ಎನ್ನುವಷ್ಟರಲ್ಲಿ ಬಾಯಿ ತೆರೆದಲ್ಲಿಗೇ ನಿಂತುಬಿಟ್ಟಿತು. ಆಮೇಲೆ ಕಾಲೇ ಕಟ್ಟಾಯಿತು. ಸಂಜೆ ಮತ್ತೆ ಫೋನಿಗೆ ಸಿಕ್ಕಿದಾಗ ಅವನು ಮೊದಲು ಕೇಳಿದ್ದು, “ಅವಳು ಅತ್ತಳಾ?” ನಾನು ಬಾಯಿ ತೆರೆಯುವ ಮೊದಲೇ ಉಮ್ಮ ಫೋನ್ ಕಿತ್ತುಕೊಂಡರು. “ಇಲ್ಲ ಮಗಾ, ನಗ್ತಾ ನಗ್ತಾ ಹೋದಳು.” ಹಾಗೆ ಹೇಳಿ ಫೋನನ್ನು ನನ್ನ ಕೈಗೆ ತುರುಕಿ ಒಳಗೆ ನಡೆದರು.

ಗಂಡಸರ ಕಡೆಯ ವಿಡಿಯೋ ಎರಡೇ ದಿನದಲ್ಲಿ ವಾಟ್ಸಾಪಿನಲ್ಲಿ ಅವನಿಗೆ ಮುಟ್ಟಿತು. ಅದರಲ್ಲಿ ಇದ್ದದ್ದು ಬಿರಿಯಾನಿ ಉಣ್ಣುವವರು, ಕೈ ಕುಲುಕುವವರು, ಮತ್ತೆ ಬಿರಿಯಾನಿ ಉಣ್ಣುವವರು. “ಊರವರ ಹೊಟ್ಟೆ ನೋಡಿ ನಾನು ಎಂತ ಮಾಡ್ಲಿ ಅಕ್ಕ? ನನಗೆ ನನ್ನ ಮಗಳನ್ನು ನೋಡಬೇಕು,” ಎಂದ ತಮ್ಮ. ಅವನ ಮಾತು ಸರಿಯೇ. ಆದರೆ ಮಗಳು ಇದ್ದದ್ದು ಹೆಂಗಸರ ಕಡೆಯ ವಿಡಿಯೋದಲ್ಲಿ, ಅದರ ಕತೆಯೇ ಬೇರೆ.

ಹೆಂಗಸರ ಕಡೆಗೆ ಕ್ಯಾಮರಾ ಹಿಡಿಯಲು ಮೂಡುಬಿದಿರೆಯಿಂದ ಒಬ್ಬಳು ಹುಡುಗಿಯೇ ಬಂದಿದ್ದಳು. ಮದರಂಗಿ, ಹಾಡು, ಕೈ ತಟ್ಟಿ ಕುಣಿತ, ತಲೆವಸ್ತ್ರ ಜಾರಿದರೂ ಪರಿವೆಯಿಲ್ಲದ ನಗು, ಎಲ್ಲ ಅದರಲ್ಲಿ ಉಂಟು. ಅದು ಯಾರ ಫೋನಿಗೂ ಹೋಗಕೂಡದು, ಇಂಟರ್ನೆಟ್ಟಿಗಂತೂ ಏರಲೇಬಾರದು ಎಂಬುದು ನಮ್ಮ ಮನೆಗಳ ಪದ್ಧತಿ. ಮದುಮಗಳು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಒಂದೇ ಡಿಸ್ಕಿನಲ್ಲಿ ತುಂಬಿಸಿಕೊಂಡು, ಸ್ಟುಡಿಯೋದಲ್ಲಿದ್ದ ಪ್ರತಿಯನ್ನು ತನ್ನ ಕಣ್ಣೆದುರೇ ಅಳಿಸಿಸಿದಳು. “ಮಾಮಿ, ಇನ್ನೊಂದು ಕಾಪಿ ಮಾಡಬಾರದು. ಉಪ್ಪ ನೋಡಿ ಆದ ಮೇಲೆ ಇದು ನನಗೇ ವಾಪಸ್ ಬರಬೇಕು,” ಎಂದು ನನ್ನ ಕೈ ಹಿಡಿದು ಮಾತು ತೆಗೆದುಕೊಂಡಳು. ಕೊರಿಯರಿನವರ ಕೈಗೂ ಕೊಡಬಾರದಂತೆ. ಮದುವೆಯಾಗಿ ಒಂದು ವಾರ ಆಗಿಲ್ಲ, ಆಗಲೇ ನನ್ನ ಮೇಲೆ ಹುಕುಂ! ನಾನೂ ಒಪ್ಪಿದೆ. ನನ್ನ ಲ್ಯಾಪ್‌ಟಾಪಿನಲ್ಲಿ ಕಾಪಿ ಮಾಡುವಷ್ಟು ಜಾಗವೂ ಇರಲಿಲ್ಲ ಎನ್ನಿ.

ಹೀಗೆ ಇಡೀ ಮದುವೆ ಒಂದು ಡಬ್ಬಿಯಲ್ಲಿ ಕೂತಿತು. ಬೆಳ್ತಂಗಡಿಯಲ್ಲಿ ನೋಡಿದರು, ಮೂಡುಬಿದಿರೆಯಲ್ಲಿ ನೋಡಿದರು, ಕೊನೆಗೆ ಬಂಟ್ವಾಳಕ್ಕೆ ನನ್ನಲ್ಲಿಗೆ ಬಂತು. ತಮ್ಮ ಮಾತ್ರ ವಾರ ವಾರ ಫೋನ್ ಮಾಡಿ, “ಎಲ್ಲಿಗೆ ಮುಟ್ಟಿತು?” ಎಂದು ಕೇಳುವುದೇ ಆಯಿತು. ಊರಿನವರೆಲ್ಲ ನೋಡಿ ಮುಗಿಸಿದ್ದರು. ನೋಡದೆ ಉಳಿದವನು ಹೆತ್ತ ಅಪ್ಪ ಒಬ್ಬನೇ. ಅದನ್ನು ನೆನೆದರೆ ನನಗೆ ಮಂಡೆ ಬಿಸಿಯಾಗುತ್ತಿತ್ತು.

ಕೊನೆಗೆ ಒಬ್ಬರು ಸಿಕ್ಕಿದರು. ನನ್ನ ಗಂಡನ ಚಿಕ್ಕಪ್ಪನ ಮಗ, ಕಕ್ಕಿಂಜೆಯವರು, ತಮ್ಮ ಇರುವ ಊರಿನಲ್ಲೇ ಕೆಲಸ. ರಜೆ ಮುಗಿಸಿ ಹೊರಟಿದ್ದರು. ನಮ್ಮಲ್ಲಿ ಗಲ್ಫಿಗೆ ಹೊರಟ ಮನುಷ್ಯ ಎಂದರೆ ಊರಿಗೆಲ್ಲ ಸೇರಿದವನು. ಒಂದು ಮನೆಯವರು ಉಪ್ಪಿನಕಾಯಿ ತರುತ್ತಾರೆ, ಇನ್ನೊಂದು ಮನೆಯವರು ಮೊಣಕಾಲಿನ ತೈಲ ತರುತ್ತಾರೆ, ಇಲ್ಲ ಎನ್ನುವಂತಿಲ್ಲ. ನಾವು ಕೊಡುವುದು ಒಂದು ಡಬ್ಬಿ ಮಾತ್ರ ಎಂದು ಕೇಳಿ ಅವರಿಗೆ ಖುಷಿಯೇ ಆಯಿತು. “ಸಂಜೆ ಅಸರ್ ನಮಾಜು ಮುಗಿಸಿ ಮನೆಯ ಎದುರು ಬರ್ತೇನೆ. ಇಳೀಲಿಕ್ಕೆ ಪುರ್ಸೊತ್ತಿಲ್ಲ. ಗೇಟಲ್ಲಿ ಕೊಟ್ಟರೆ ಹಾಗೇ ಪೊಳಲಿ ದಾರಿಯಲ್ಲಿ ಏರ್‌ಪೋರ್ಟಿಗೆ ಹೋಗುದು,” ಎಂದರು. ಇವರು ಹೋದರೆ ಮತ್ತೆ ಆ ಊರಿಗೆ ನಮಗೆ ಗೊತ್ತಿದ್ದವರು ಹೋಗುವುದು ರಂಜಾನ್ ಕಳೆದ ಮೇಲೆಯೇ.

ಆ ದಿನಗಳಲ್ಲಿ ಉಮ್ಮ ನಮ್ಮಲ್ಲಿದ್ದರು. ತಮ್ಮನ ಹೆಂಡತಿ ಮೂಡುಬಿದಿರೆಗೆ ಮಗಳ ಮನೆಗೆ ಹೋಗಿದ್ದಳು. ಉಮ್ಮನ ಕಣ್ಣಿಗೆ ಲ್ಯಾಪ್‌ಟಾಪಿನ ಚಿತ್ರ ಸಾಲದು. ಅದಕ್ಕೆ ನಾನು ಲ್ಯಾಪ್‌ಟಾಪನ್ನು ಟಿವಿಯ ಪಕ್ಕದ ಸ್ಟೂಲಿನಲ್ಲಿಟ್ಟು, ವೈರ್ ಹಾಕಿ, ಮದುವೆ ಟಿವಿಯ ದೊಡ್ಡ ಪರದೆಯಲ್ಲಿ ಮಾತ್ರ ಬರುವ ಹಾಗೆ ಮಾಡಿದ್ದೆ. ಕೀಲಿಮಣೆಯ ಉದ್ದದ ಕೀಲಿಯೊಂದನ್ನು ತೋರಿಸಿ, “ನಿಲ್ಲಬೇಕಾದರೆ ಇದು, ಹೋಗಬೇಕಾದರೂ ಇದು, ಬೇರೆ ಯಾವುದನ್ನೂ ಮುಟ್ಟಬೇಡಿ,” ಎಂದು ಕಲಿಸಿದ್ದೆ. ಉಮ್ಮ ಒಳ್ಳೆಯ ವಿದ್ಯಾರ್ಥಿನಿ. ಬೇರೆ ಯಾವುದನ್ನೂ ಮುಟ್ಟಲಿಲ್ಲ.

ಆ ಬೆಳಿಗ್ಗೆಯೂ ಕೂತು ನೋಡುತ್ತಿದ್ದರು. ಭಾನುವಾರ, ನನಗೆ ಉತ್ತರಪತ್ರಿಕೆಗಳ ರಾಶಿ. ಒಮ್ಮೆ ನನ್ನ ಮೇಜಿನ ಹತ್ತಿರ ಬಂದು ನಿಂತು, “ಮಗಳೇ, ಮೂರನೆಯದರಲ್ಲಿ ಒಂಚೂರು ತೆಗೀಲಿಕ್ಕೆ ಆಗ್ತದಾ?” ಎಂದರು. ಸ್ಟುಡಿಯೋದವಳು ವಿಡಿಯೋವನ್ನು ಮೂರು ಭಾಗ ಮಾಡಿ ಕೊಟ್ಟಿದ್ದಳು. ಮೂರನೆಯದು ಹುಡುಗಿಯನ್ನು ಕಳಿಸಿಕೊಡುವುದು. ನಾನು ತಲೆಯೆತ್ತದೆ, “ಉಮ್ಮಾ, ನಾನೇನು ಸ್ಟುಡಿಯೋ ಇಟ್ಟಿದ್ದೇನಾ?” ಎಂದೆ. ಉಮ್ಮ ಮತ್ತೆ ಹೋಗಿ ಕೂತರು. ಮಧ್ಯಾಹ್ನದ ಬಾಂಗ್ ಆಯಿತು. ಮಸೀದಿಯಿಂದ ಬಾಂಗ್ ಕೇಳಿದ ಕೂಡಲೇ ಉಮ್ಮ ಇರುವ ಮನೆಯಲ್ಲಿ ಟಿವಿ ನಡೆಯುವಂತಿಲ್ಲ. ರಿಮೋಟ್ ಒತ್ತಿ ಆರಿಸಿ, ಮೇಲೆ ಒಂದು ಬಟ್ಟೆ ಇಳಿಬಿಡುತ್ತಾರೆ. ನಮಾಜು ಮುಗಿಸಿ, ಉಂಡು, ಮಲಗಿದರು. ಮತ್ತೆ ಟಿವಿಯ ಹತ್ತಿರ ಹೋದದ್ದು ನಾನು ನೋಡಲಿಲ್ಲ.

ಅಸರ್ ಕಳೆದ ಮೇಲೆ ಕಕ್ಕಿಂಜೆಯವರ ಫೋನ್ ಬಂತು. “ಪುಂಜಾಲಕಟ್ಟೆ ದಾಟಿದೆ, ರೆಡಿ ಮಾಡಿ ಇಡಿ.”

ರೆಡಿ ಮಾಡಲಿಕ್ಕೆ ಎಂತ ಉಂಟು? ಡಿಸ್ಕ್ ತೆಗೆಯುವುದು, ಕವರಿಗೆ ಹಾಕುವುದು. ಕೆಳಗಿನ ಮೂಲೆಯ ಸಣ್ಣ ಚಿತ್ರ ಒತ್ತಿ, ಹೊರಗೆ ತೆಗೆಯುತ್ತೇನೆ ಎಂದೆ. ಆಗುವುದಿಲ್ಲ ಎಂದಿತು. ‘ಈ ಸಾಧನ ಬಳಕೆಯಲ್ಲಿದೆ. ಬಳಸುತ್ತಿರುವ ಕಿಟಕಿಗಳನ್ನು ಮುಚ್ಚಿ ಮತ್ತೆ ಪ್ರಯತ್ನಿಸಿ’ ಎಂಬರ್ಥದ ಇಂಗ್ಲಿಷ್ ಸಾಲು. ಬಳಸುತ್ತಿರುವವರು ಯಾರಪ್ಪಾ? ಪರದೆಯ ಮೇಲೆ ಒಂದು ಕಿಟಕಿಯೂ ಇಲ್ಲ, ಬರೀ ನೀಲಿ ಆಕಾಶ ಮತ್ತು ಒಂದು ಬೆಟ್ಟ. ಕರ್ತೃ ಇಲ್ಲದ ವಾಕ್ಯ ಬರೆದರೆ ನಾನು ಎಂಟನೆಯ ತರಗತಿಯವರಿಗೇ ಅಂಕ ಕಡಿಯುತ್ತೇನೆ. ಇಲ್ಲಿ ಇಷ್ಟು ದೊಡ್ಡ ಕಂಪ್ಯೂಟರಿಗೆ, ಯಾರು ಎಂದು ಹೇಳುವ ಸೌಜನ್ಯ ಇಲ್ಲ.

ಮತ್ತೆ ಒತ್ತಿದೆ. ಅದೇ ಉತ್ತರ. ಒಂದು ನಿಮಿಷ ಬಿಟ್ಟು ಒತ್ತಿದೆ. ಅದೇ ಉತ್ತರ. ಕೆಳಗಿನ ಪಟ್ಟಿಯಲ್ಲಿ ಸಾಲಾಗಿ ಸಣ್ಣ ಸಣ್ಣ ಚಿತ್ರಗಳು. ಯಾವುದು ತೆರೆದದ್ದು, ಯಾವುದು ಸುಮ್ಮನೆ ಕೂತದ್ದು ಎಂದು ನನ್ನ ಕಣ್ಣಿಗೆ ಯಾವತ್ತೂ ತಿಳಿದದ್ದಿಲ್ಲ.

“ಎಂತ ಮಾಡ್ತಾ ಇದ್ದೀ?” ನನ್ನ ಗಂಡ ಬಂದರು. ಬಿ.ಸಿ. ರೋಡಿನಲ್ಲಿ ಅವರದು ಪೈಪು, ನಲ್ಲಿಗಳ ಅಂಗಡಿ. ಯಾವುದು ಬರದಿದ್ದರೂ ಜಗ್ಗಿದರೆ ಬರುತ್ತದೆ ಎಂಬುದು ಅವರ ಸಿದ್ಧಾಂತ.

“ಬಿಡುದಿಲ್ಲ ಅಂತೆ.”

“ಯಾರು?”

“ಅದೇ ಹೇಳುದಿಲ್ಲ.”

“ನಿನ್ನ ಮಂಡೆ ಸಮ ಉಂಟಾ ಮಾರಾಯ್ತಿ? ಎಳೆದು ತೆಗಿ. ನಾನು ಕಾರಿನಲ್ಲಿ ಪೆನ್‌ಡ್ರೈವ್ ದಿನಾ ಎಳೀತೇನೆ, ಎಂತ ಆಗಿದೆ?”

“ಅದರಲ್ಲಿ ಇರುದು ಹಾಡು. ಇದರಲ್ಲಿ ಇರುದು ಮದುವೆ.”

“ಮದುವೆಯೂ ಅಷ್ಟೇ, ಹಾಡೂ ಅಷ್ಟೇ. ವೈರಿಗೆ ಎಂತ ಗೊತ್ತು?”

ಅವರಿಗೆ ಹೇಗೆ ಹೇಳುವುದು? ನಮ್ಮ ಶಾಲೆಯ ವಾರ್ಷಿಕೋತ್ಸವದ ವಿಡಿಯೋ ಇದ್ದ ಪೆನ್‌ಡ್ರೈವನ್ನು ಹೆಡ್‌ಮಾಸ್ಟರು ಹೀಗೇ ಸರಕ್ಕನೆ ಎಳೆದಿದ್ದರು. ಮರುದಿನ ಸಿಕ್ಕಿಸಿದರೆ, ‘ಫಾರ್ಮ್ಯಾಟ್ ಮಾಡಲೇ?’ ಎಂದು ಕೇಳಿತು. ಮಕ್ಕಳ ಕೋಲಾಟ, ಮಂತ್ರಿಗಳ ಭಾಷಣ ಎಲ್ಲ ಲಗಾಡಿ. ಭಾಷಣ ಹೋದದ್ದಕ್ಕೆ ಯಾರೂ ಅತ್ತಿಲ್ಲ, ಅದು ಬೇರೆ ವಿಷಯ. ಆದರೆ ಇದಕ್ಕೆ ಇನ್ನೊಂದು ಪ್ರತಿ ಈ ಭೂಮಿಯ ಮೇಲೆಯೇ ಇಲ್ಲ. ಇದು ಹೋದರೆ ನಾನು ಆ ಹುಡುಗಿಗೆ ಏನು ಹೇಳಲಿ, ತಮ್ಮನಿಗೆ ಏನು ಹೇಳಲಿ? ‘ನಿನ್ನ ಭಾವ ಎಳೆದರು’ ಎಂದೇ?

“ಹಾಗಾದರೆ ಕಂಪ್ಯೂಟರನ್ನೇ ಆಫ್ ಮಾಡು,” ಎಂದರು. ಒಪ್ಪಬೇಕು, ಅದು ಬುದ್ಧಿಯ ಮಾತು. ಆಫ್ ಮಾಡಲು ಹೋದೆ. ಅಲ್ಲಿ ‘ಆಫ್’ ಎಂಬುದೇ ಇಲ್ಲ! ‘ಅಪ್‌ಡೇಟ್ ಮಾಡಿ ಆಫ್’ ಎಂದಿದೆ. ಹಿಂದೆ ಒಮ್ಮೆ ಇದನ್ನು ನಂಬಿ ಒತ್ತಿ, ‘ದಯವಿಟ್ಟು ಆರಿಸಬೇಡಿ’ ಎಂಬ ಬರಹವನ್ನು ಒಂದು ಮಧ್ಯಾಹ್ನವಿಡೀ ನೋಡುತ್ತ ಕೂತವಳು ನಾನು. ಆರಿಸಲು ಹೇಳಿದರೆ ಆರಿಸಬೇಡಿ ಎನ್ನುತ್ತದೆ. ಎಂತ ಉಪದ್ರ ಇದು! ಎರಡು ಸಾಲು ತಿದ್ದಿಕೊಳ್ಳಲು ಇದಕ್ಕೆ ಇಡೀ ಮಧ್ಯಾಹ್ನ ಬೇಕು, ಅದೂ ನನಗೆ ಅವಸರ ಇರುವ ದಿನವೇ ಬೇಕು.

ಇಂಟರ್ನೆಟ್ಟಿನಲ್ಲಿ ಹುಡುಕಿದೆ. ಡಿಸ್ಕನ್ನು ಹಿಡಿದುಕೊಂಡದ್ದು ಯಾರೆಂದು ಹೆಸರು ಹಿಡಿದು ಹೇಳುವ, ಬಿಡಿಸಿಯೂ ಕೊಡುವ ತಂತ್ರಾಂಶ ಉಂಟಂತೆ. ಉಚಿತವಂತೆ. ಉಚಿತ ಎಂದರೆ ನನಗೆ ಉಚಿತ ಕಣ್ಣು ತಪಾಸಣೆಯ ಬೋರ್ಡುಗಳು ನೆನಪಾಗುತ್ತವೆ. ಹೊರಗೆ ಉಚಿತ, ಹೊರಡುವಾಗ ಮೂಗಿನ ಮೇಲೆ ಹೊಸ ಕನ್ನಡಕ. ಆದರೂ ಆ ಪುಟಕ್ಕೆ ಹೋದೆ. ಹಸಿರು ಬಣ್ಣದ ದೊಡ್ಡ ಗುಂಡಿ, ಡೌನ್‌ಲೋಡ್ ಎಂದು. ಒತ್ತಿದೆ. ಏನೋ ಇಳಿಯಿತು, ಏನೇನೋ ಕೇಳಿತು, ಹೂಂ ಹೂಂ ಎಂದೆ. ನೋಡಿದರೆ ಪರದೆಯ ಮೂಲೆಯಲ್ಲಿ ಹವಾಮಾನ ವರದಿ ಬಂದು ಕೂತಿದೆ! ಬಂಟ್ವಾಳದಲ್ಲಿ ಸೆಖೆ ಎಂದು ಹೇಳುತ್ತಿದೆ. ನನ್ನ ಬೆವರು ಹೇಳದ್ದನ್ನು ಇದು ಹೇಳಬೇಕೆ?

ಅದು ಜಾಹೀರಾತಿನ ಗುಂಡಿಯಂತೆ. ಅಸಲಿ ಗುಂಡಿ ಇನ್ನೂ ಕೆಳಗೆ. ಕೆಳಗೆ ಹೋದರೆ ಅಲ್ಲಿಯೂ ಒಂದು ಹಸಿರು ಗುಂಡಿ. ಒತ್ತಿದೆ, ‘ನಿಮ್ಮ ಕಂಪ್ಯೂಟರ್ ಅಪಾಯದಲ್ಲಿದೆ’ ಎಂದು ಕೆಂಪು ಅಕ್ಷರದಲ್ಲಿ ಕಿರುಚಿತು. ಅಪಾಯದಲ್ಲಿ ಇರುವುದು ಕಂಪ್ಯೂಟರ್ ಅಲ್ಲ ಮಾರಾಯ, ನಾನು ಇದನ್ನು ಎತ್ತಿ ಬಾವಿಗೆ ಹಾಕುವುದರಲ್ಲಿದ್ದೇನೆ ಎಂದು ಜೋರಾಗಿಯೇ ಹೇಳಿದೆ.

“ಯಾರ ಹತ್ತಿರ ಮಾತಾಡ್ತಿ?” ಎಂದು ಗಂಡ ಬಾಗಿಲಿನಿಂದ ಕೇಳಿದರು.

“ನಿಮ್ಮ ಹತ್ತಿರ ಅಲ್ಲ.”

ಹೊರಗೆ ಹಾರ್ನ್ ಕೇಳಿತು. ಕಕ್ಕಿಂಜೆಯವರ ಕಾರು ಬಂದೇಬಿಟ್ಟಿತು. ಗಂಡ ಗೇಟಿಗೆ ಓಡಿದರು. ಅಲ್ಲಿಂದಲೇ, “ಐದು ನಿಮಿಷ ಅಂತೆ! ಲೇಟಾದರೆ ಕೈಕಂಬದಲ್ಲಿ ಬ್ಲಾಕ್ ಆಗ್ತದಂತೆ! ಎಳೆ ಮಾರಾಯ್ತಿ, ಎಳೆ!” ಎಂದು ಕೂಗು.

ಮೂರನೆಯ ಗುಂಡಿ ಹಸಿರು ಅಲ್ಲ, ಗುಂಡಿಯೂ ಅಲ್ಲ. ಸಣ್ಣ ಅಕ್ಷರದ ಒಂದು ಗೆರೆ. ಅದೇ ಅಸಲಿ. ಚಿಟಿಕೆ ಹೊಡೆಯುವುದರೊಳಗೆ ಇಳಿಯಿತು. ಹೆಸರು ಕೇಳಲಿಲ್ಲ, ಊರು ಕೇಳಲಿಲ್ಲ. ತೆರೆದರೆ ಒಂದು ಬಡ ಚೌಕ, ಅದರಲ್ಲಿ ಡಿಸ್ಕಿನ ಹೆಸರು. ಅದರ ಮೇಲೆ ಒತ್ತಿದ ಕೂಡಲೇ ಉತ್ತರ ಬಂತು. ಹಿಡಿದುಕೊಂಡಿರುವುದು ವಿಡಿಯೋ ಪ್ಲೇಯರ್. ತೆರೆದಿಟ್ಟಿರುವುದು ‘ಲೇಡೀಸ್ ಮೂರು’. ಅದರ ಕೆಳಗೆ, ‘ಬಲವಂತವಾಗಿ ಮುಚ್ಚಲೇ?’

ಇಷ್ಟು ಹೇಳಲಿಕ್ಕೆ ಆ ದೊಡ್ಡ ಕಂಪ್ಯೂಟರಿಗೆ ಏನು ದಾಡಿಯಾಗಿತ್ತು? ಹೇಳಿದ್ದರೆ ಅದರ ಗಂಟೇನು ಹೋಗುತ್ತಿತ್ತು? ಸಿಟ್ಟಿನಲ್ಲಿ ಬೆರಳು ಇನ್ನೇನು ಒತ್ತಬೇಕು. ಒತ್ತುವ ಮೊದಲು ಒಂದು ಸಂಶಯ ಬಂತು. ಪ್ಲೇಯರ್ ತೆರೆದಿದ್ದರೆ ಅದು ಇರುವುದೆಲ್ಲಿ? ಲ್ಯಾಪ್‌ಟಾಪಿನ ಪರದೆಯಲ್ಲಿ ಇಲ್ಲ. ತಲೆಯೆತ್ತಿದೆ. ಎದುರಿಗೆ ಬಟ್ಟೆ ಹೊದ್ದುಕೊಂಡ ಟಿವಿ. ಲ್ಯಾಪ್‌ಟಾಪಿನಿಂದ ಹೊರಟ ವೈರ್ ಇನ್ನೂ ಅದರ ಬೆನ್ನಿಗೇ ಸಿಕ್ಕಿಕೊಂಡಿದೆ. ಬಾಂಗ್ ಕೇಳಿ ಉಮ್ಮ ಆರಿಸಿದ್ದು ಟಿವಿಯನ್ನು. ಪ್ಲೇಯರನ್ನಲ್ಲ. ಅದು ಆರಿದ ಟಿವಿಯೊಳಗೆ ಮಧ್ಯಾಹ್ನದಿಂದ ಹಾಗೇ ಡಿಸ್ಕನ್ನು ಹಿಡಿದುಕೊಂಡು ಕೂತಿತ್ತು.

“ಉಮ್ಮಾ!” ಎಂದು ಮೂಲೆಯ ಕುರ್ಚಿಯ ಕಡೆ ತಿರುಗಿದೆ. ನನ್ನ ಸ್ವರ ಕೇಳಿ ಗಂಡನೇ ಗೇಟಿನಿಂದ ಓಡಿ ಬಂದರು. “ನಿಲ್ಲಿಸಿದ್ದೀರಾ ಅದನ್ನು? ಮೊದಲೇ ಹೇಳಬಾರದಾ? ನಾನು ಇಲ್ಲಿ ತಲೆ ಚಚ್ಚಿಕೊಳ್ತಾ ಇದ್ದೇನೆ!”

ನಾನು ಬಟ್ಟೆ ಎಳೆದು ಬಿಸಾಡಿ ರಿಮೋಟ್ ಒತ್ತಿದೆ.

ಟಿವಿ ತುಂಬ ತಮ್ಮನ ಮಗಳ ಮುಖ. ಕಣ್ಣಿನ ಕಾಡಿಗೆ ಗಲ್ಲಕ್ಕಿಳಿದು, ತುಟಿ ತೆರೆದು, ಏನೋ ಹೇಳುತ್ತಿರುವಾಗ ನಿಂತಿದೆ. ಅವಳ ಮುಖದ ಎದುರು ಫೋನ್ ಹಿಡಿದ ಒಂದು ಕೈ. ಆ ಕೈಯ ಬಳೆ ನನ್ನದು.

“ಇದನ್ನೇ ಬೆಳಿಗ್ಗೆ ಕೇಳಿದ್ದು,” ಎಂದರು ಉಮ್ಮ. “ಇಷ್ಟನ್ನು ತೆಗೀಲಿಕ್ಕೆ ಆಗ್ತದಾ ಅಂತ.”

ನನಗೆ ತಟ್ಟನೆ ಎಲ್ಲ ಹೊಳೆಯಿತು. ಮದುವೆಯ ಸಂಜೆ ‘ನಗ್ತಾ ಹೋದಳು’ ಎಂದು ಮಗನಿಗೆ ಹೇಳಿದವರು ಇವರು. ಈ ಡಬ್ಬಿ ಅಲ್ಲಿಗೆ ಮುಟ್ಟಿದರೆ ಆ ಮಾತು ಸುಳ್ಳಾಗುತ್ತದೆ. ಸುಳ್ಳು ಬಯಲಾಗುವ ನಾಚಿಕೆಯಷ್ಟೇ ಆಗಿದ್ದರೆ ಉಮ್ಮ ನುಂಗಿಕೊಳ್ಳುತ್ತಿದ್ದರು. ಅಷ್ಟು ದೂರದಲ್ಲಿ, ರೂಮಿನ ಮಂಚದ ಮೇಲೆ ಒಬ್ಬನೇ ಕೂತು ಮಗ ಇದನ್ನು ನೋಡುತ್ತಾನಲ್ಲ, ಅದು ಅವರ ಸಂಕಟ. ಎಷ್ಟು ಸಲ ಈ ಜಾಗಕ್ಕೆ ಬಂದು ಉದ್ದದ ಕೀಲಿ ಒತ್ತಿ ನಿಲ್ಲಿಸಿದ್ದರೋ. ನಿಲ್ಲಿಸಲು ಮಾತ್ರ ಬರುತ್ತಿತ್ತು, ಕತ್ತರಿಸಲು ಬರುತ್ತಿರಲಿಲ್ಲ.

“ಈಗ ಹೇಗೆ ತೆಗೀಲಿ ಉಮ್ಮಾ? ನನಗೆ ಬರುದಿಲ್ಲ. ಬಂದರೂ ಟೈಮಿಲ್ಲ. ಕಾರು ನಿಂತಿದೆ. ಇದನ್ನು ಕಳಿಸುದಾ, ಬೇಡವಾ?” ನನ್ನ ಸ್ವರ ಇನ್ನೂ ಇಳಿದಿರಲಿಲ್ಲ. ಉಮ್ಮನ ಮೇಲೆ ಸಿಟ್ಟು, ಬೆಳಿಗ್ಗೆ ತಲೆಯೆತ್ತದೆ ಉತ್ತರ ಕೊಟ್ಟ ನನ್ನ ಮೇಲೆಯೂ ಸಿಟ್ಟು, ಬದಲಿ ಜನ ಕಳಿಸದ ಆ ಕಂಪೆನಿಯ ಮೇಲೆ ಎಲ್ಲಕ್ಕಿಂತ ಹೆಚ್ಚು ಸಿಟ್ಟು.

ಉಮ್ಮ ಎದ್ದು ಸ್ಟೂಲಿನ ಹತ್ತಿರ ಬಂದರು. ನನ್ನ ಕೈಯನ್ನು ಸರಿಸಿ, ತನಗೆ ಗೊತ್ತಿದ್ದ ಆ ಒಂದೇ ಕೀಲಿಯನ್ನು ಒತ್ತಿದರು.

ಹುಡುಗಿಯ ಮುಖ ಅಲುಗಿತು. “ಉಪ್ಪಾ, ಕೇಳ್ತಾ ಉಂಟಾ?” ಎಂದಳು. ಸುತ್ತಲಿನ ಹೆಂಗಸರ ಗಲಾಟೆ. “ಉಪ್ಪಾ, ನಾನು ಹೊರಟೆ. ಕೇಳ್ತಾ ಉಂಟಾ?” ಫೋನನ್ನು ನನ್ನಿಂದ ತೆಗೆದುಕೊಂಡು ಎರಡೂ ಕೈಯಲ್ಲಿ ಹಿಡಿದು ಕಿವಿಗೆ ಒತ್ತಿಕೊಂಡಳು, ಮತ್ತೆ ಮುಖದ ಎದುರು ತಂದಳು. “ಉಪ್ಪಾ?” ನನ್ನದೇ ಸ್ವರ ಎಲ್ಲಿಂದಲೋ, “ಕಟ್ಟಾಯ್ತು ಮಗಳೇ, ಹೊರಡುವ, ಹೊತ್ತಾಯ್ತು,” ಎಂದಿತು. ಅವಳು ತಲೆ ಬಗ್ಗಿಸಿ ಅಳುತ್ತ ಎದ್ದಳು. ಬಾಗಿಲು ದಾಟುವಾಗ ಒಮ್ಮೆ ಕ್ಯಾಮರಾದ ಕಡೆ ನೋಡಿದಳು. ಅಲ್ಲಿಗೆ ಮುಗಿಯಿತು.

ಗೇಟಿನಲ್ಲಿ ಹಾರ್ನ್ ಮೇಲೆ ಹಾರ್ನ್. ನನ್ನ ಗಂಡ ಮಾತ್ರ ‘ಎಳೆ’ ಎನ್ನಲಿಲ್ಲ. ಅವರು ಟಿವಿಯ ಎದುರು ನಿಂತವರು ನಿಂತೇ ಇದ್ದರು.

“ಕಳಿಸು,” ಎಂದರು ಉಮ್ಮ. “ಅಪ್ಪ ಅಲ್ವಾ ಅವನು. ನೋಡಲಿ.”

ಪ್ಲೇಯರನ್ನು ಮುಚ್ಚಿದ ಮೇಲೆ ಬಲವಂತ ಏನೂ ಬೇಕಾಗಲಿಲ್ಲ. ಈಗ ತೆಗೆಯಬಹುದು ಎಂದು ಕಂಪ್ಯೂಟರ್ ತಾನಾಗಿಯೇ ಹೇಳಿತು. ಉಮ್ಮ ತನ್ನ ಹಳೆಯ ತಲೆವಸ್ತ್ರವೊಂದರಲ್ಲಿ ಡಬ್ಬಿಯನ್ನು ಸುತ್ತಿ ಕೊಟ್ಟರು. ಗಂಡ ಗೇಟಿಗೆ ಓಡಿದರು. ಕಕ್ಕಿಂಜೆಯವರು ಕಾರಿನ ಕಿಟಕಿಯಿಂದ ಕೈ ನೀಡಿ ತೆಗೆದುಕೊಂಡು, “ಇಷ್ಟು ಸಣ್ಣ ಡಬ್ಬಿಗೆ ಇಷ್ಟು ಹೊತ್ತಾ ಮಾರಾಯ್ರೇ!” ಎಂದದ್ದು ಚಾವಡಿಗೂ ಕೇಳಿತು. ಕಾರು ಹೋಯಿತು. ಹವಾಮಾನ ವರದಿ ಮಾತ್ರ ನನ್ನ ಪರದೆಯ ಮೂಲೆಯಲ್ಲಿ ಇನ್ನೂ ಉಂಟು. ತೆಗೆಯಲು ಹೋದರೆ ‘ನಮ್ಮನ್ನು ಬಿಟ್ಟು ಹೋಗುವಿರಾ?’ ಎಂದು ಅಳುಮೋರೆಯ ಚಿತ್ರ ತೋರಿಸುತ್ತದೆ. ನಾನೂ ಬಿಟ್ಟಿದ್ದೇನೆ, ಎಷ್ಟೆಂದು ಜಗಳ ಮಾಡುವುದು.

ಡಿಸ್ಕ್ ಮುಟ್ಟಿತು ಎಂದು ತಮ್ಮ ಒಂದು ಮೆಸೇಜು ಹಾಕಿದ. ಆಮೇಲೆ ಸುದ್ದಿಯೇ ಇಲ್ಲ. ಚೆನ್ನಾಗಿದೆ ಎನ್ನಲಿಲ್ಲ, ಕೆಟ್ಟಿದೆ ಎನ್ನಲಿಲ್ಲ. ನಮ್ಮಲ್ಲೇ ಉಳಿದಿದ್ದ ಉಮ್ಮ ದಿನಾ ನನ್ನ ಮುಖ ನೋಡುತ್ತಿದ್ದರು, ಕೇಳುತ್ತಿರಲಿಲ್ಲ. ಕೆಲವು ವಾರ ಕಳೆದ ಮೇಲೆ ಅವನ ರೂಮಿನವರೊಬ್ಬರು ಊರಿಗೆ ಹೊರಟರು, ವೇಣೂರಿನವರು. ಅವರ ಕೈಯಲ್ಲಿ ಡಿಸ್ಕನ್ನು ವಾಪಸು ಕಳಿಸುವುದೆಂದು ಮಾತಾಗಿತ್ತು. ಅವರು ಹೊರಡುವ ದಿನ ಬೆಳಿಗ್ಗೆ ತಮ್ಮನ ಫೋನ್.

“ಅಕ್ಕ, ಡಿಸ್ಕ್ ತೆಗೀಲಿಕ್ಕೆ ಆಗ್ತಾ ಇಲ್ಲ. ಯೂಸಲ್ಲಿ ಉಂಟು ಅಂತ ಬರ್ತದೆ.”

ನನಗೆ ಎಲ್ಲಿಲ್ಲದ ಕೋಪ ಬಂತು. ಮತ್ತೆ ಅದೇ ರಾಮಾಯಣ! “ಟಿವಿಗೆ ವೈರ್ ಹಾಕಿದ್ದೀಯಾ? ಟಿವಿ ಆನ್ ಮಾಡು. ಪ್ಲೇಯರ್ ಅಲ್ಲಿ ತೆರೆದೇ ಉಂಟು, ನೋಡು. ಮುಚ್ಚು ಅದನ್ನು. ಎಳೀಬೇಡ ಮತ್ತೆ, ನಿನಗೆ ಹೇಳಿದ್ದೇನೆ!”

“ತೆರೆದಿರುದು ಗೊತ್ತುಂಟು ಅಕ್ಕ.”

“ಗೊತ್ತಿದ್ದರೆ ಮುಚ್ಚಲಿಕ್ಕೆ ಎಂತ ರೋಗ ನಿನಗೆ?”

ಲೈನ್ ಹೋಯಿತೋ ಎಂದು ಫೋನನ್ನು ನೋಡಿದೆ. ಹೋಗಿರಲಿಲ್ಲ.

“ಅವಳು ಕೇಳ್ತಾಳಲ್ಲ ಅಕ್ಕ, ಉಪ್ಪಾ ಕೇಳ್ತಾ ಉಂಟಾ ಅಂತ,” ಎಂದ. “ಡ್ಯೂಟಿಯಿಂದ ಬಂದು ದಿನಾ ಅದನ್ನು ಹಾಕ್ತೇನೆ. ಅವಳು ಕೇಳಿದಾಗೆಲ್ಲ ನಾನು ಹೇಳ್ತೇನೆ, ಕೇಳ್ತಾ ಉಂಟು ಮಗಳೇ, ಕೇಳ್ತಾ ಉಂಟು ಅಂತ. ಆ ದಿನ ಹೇಳ್ಲಿಕ್ಕೆ ಆಗಲಿಲ್ಲ ಅಲ್ವಾ. ಈಗ ಹೇಗೆ ಮುಚ್ಚಲಿ?”

ಪಕ್ಕದಲ್ಲಿ ಉಮ್ಮ, “ಎಂತ ಹೇಳ್ತಾನೆ? ನನ್ನ ಮೇಲೆ ಕೋಪ ಉಂಟಾ ಅವನಿಗೆ?” ಎಂದು ಕೈ ಜಗ್ಗುತ್ತಿದ್ದರು. ಇಲ್ಲ ಎಂದು ತಲೆಯಾಡಿಸಿದೆ.

“ಎಳೀಬೇಡ,” ಎಂದೆ ತಮ್ಮನಿಗೆ. “ಮುಚ್ಚುದೂ ಬೇಡ. ಅವರು ಹೊರಡಲಿ.”

ವೇಣೂರಿನವರು ಬರಿಗೈಯಲ್ಲಿ ಬಂದರು. ಬಂದ ಸುದ್ದಿ ತಿಳಿದ ಕೂಡಲೇ ಮೂಡುಬಿದಿರೆಯಿಂದ ಹುಡುಗಿಯ ಫೋನ್. “ಮಾಮಿ, ನನ್ನ ಡಿಸ್ಕ್ ಎಲ್ಲಿ? ಉಪ್ಪ ಕೊಡ್ಲಿಲ್ವಂತೆ? ಮಾತು ಕೊಟ್ಟದ್ದಲ್ವಾ ನೀವು?” ನನ್ನ ಹಾಗೆಯೇ ಸಿಟ್ಟಿನ ಸ್ವಭಾವ, ಮಾತಿನ ನಡುವೆ ನುಗ್ಗಲು ಜಾಗವೇ ಕೊಡುವುದಿಲ್ಲ. ಅವಳ ಉಸಿರು ಮುಗಿಯುವವರೆಗೆ ಕಾದೆ. ಆಮೇಲೆ ಅವಳ ಅಪ್ಪ ಹೇಳಿದ್ದನ್ನು, ಅವನು ಹೇಳಿದ ಹಾಗೆಯೇ, ಒಂದು ಮಾತೂ ಸೇರಿಸದೆ, ಹೇಳಿದೆ.

ಅವಳು ಮೂಗು ಎಳೆದುಕೊಂಡಳು.

“ಹಾಗಾದರೆ ಅಲ್ಲೇ ಇರಲಿ ಮಾಮಿ,” ಎಂದಳು. “ಉಪ್ಪನೇ ತರಲಿ.”